ಎಡೆ ಇಡಲು ಬೇಕಾದ ತಾರೀಖು

ಊರವರಿಗೆಲ್ಲ ವಂಶವೃಕ್ಷ ಟೈಪು ಮಾಡಿಕೊಡುವುದು ನನ್ನ ಕಸುಬು. ತುಮಕೂರಿನಲ್ಲಿ ತಾಲ್ಲೂಕು ಕಚೇರಿಗೆ ಹತ್ತಿರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಪ್ಪ ತೀರಿಕೊಂಡು ಜಮೀನು ಮಕ್ಕಳ ಹೆಸರಿಗೆ ಆಗಬೇಕಾದವರು, ಅಣ್ಣತಮ್ಮಂದಿರಲ್ಲಿ ಮಾತು ಬಿಟ್ಟವರು, ಸೊಸೆಯ ಹೆಸರು ಸೇರಿಸಲು ಮನಸ್ಸಿಲ್ಲದವರು ಎಲ್ಲರೂ ಬರುತ್ತಾರೆ. ತಾತನ ಹೆಸರೇನು, ಎಷ್ಟು ಜನ ಮಕ್ಕಳು, ಯಾರು ಯಾರು ಹೋದರು ಅಂತ ಕೇಳಿ ಚೌಕ ಹಾಕುತ್ತೇನೆ, ಗೆರೆ ಎಳೆಯುತ್ತೇನೆ, ಹೋದವರ ಹೆಸರಿನ ಮುಂದೆ ‘ಮೃತ’ ಎಂದು ಹಾಕುತ್ತೇನೆ. ಹಾಗೆ ಹಾಕಲು ಮರಣ ಪ್ರಮಾಣಪತ್ರ ತರಬೇಕು. ತರದೆ ಬಂದು ನನ್ನಿಂದ ಬೈಸಿಕೊಂಡು ಹೋದವರು ಬಹಳ ಜನ ಇದ್ದಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಕಡೆ ಕೂತು ಕೆಲಸ ಮಾಡುವ ಅಂಗಡಿ ನಿನಗೆ ಯಾಕೆ ಬೇಕಿತ್ತು ಎಂದು ನನ್ನ ಯಜಮಾನರು ಈಗಲೂ ಕೇಳುತ್ತಾರೆ. ಅವರು ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗಿ ಬರುತ್ತಾರೆ. ಬಹಳ ತಾಳ್ಮೆಯ ಮನುಷ್ಯ. ಅದಕ್ಕೇ ನನ್ನನ್ನು ಸಹಿಸಿಕೊಂಡಿದ್ದಾರೆ.

ಇಷ್ಟು ಜನರ ವಂಶ ಬರೆದ ನನ್ನ ಮನೆಯ ಗಿಡದಲ್ಲೇ ಒಂದು ಚೌಕ ಖಾಲಿ ಇತ್ತು. ಅದು ನನ್ನ ಅಮ್ಮನ ಅಪ್ಪನದು.

ಅವನು ಇಟಲಿಯವನು. ಹೀಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಅಮ್ಮನ ಬೆಕ್ಕಿನ ಕಣ್ಣು ನೋಡಿ ಸುಮ್ಮನಾಗುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಇಟಲಿಯ ಸಿಪಾಯಿಗಳನ್ನು ತಂದು ಬೆಂಗಳೂರಿನ ಆಚೆ ಶಿಬಿರಗಳಲ್ಲಿ ಇಟ್ಟಿದ್ದರು. ಕೊನೆಕೊನೆಗೆ ಕೆಲವರನ್ನು ಹೊರಗಡೆ ಕೆಲಸಕ್ಕೂ ಬಿಡುತ್ತಿದ್ದರಂತೆ. ನನ್ನ ಮುತ್ತಾತ ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಕುದುರೆಗೆ ಲಾಳ ಹೊಡೆಯಲು ಬಂದವನು ಈ ಸಿಪಾಯಿ. ಮುತ್ತಾತನಿಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದವಳು ನನ್ನ ಅಜ್ಜಿ. ಮುಂದಿನದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಯುದ್ಧ ಮುಗಿದ ಹೊತ್ತಿಗೆ ಅಮ್ಮ ಹುಟ್ಟಿದಳು. ಅಮ್ಮ ಅಂಬೆಗಾಲಿಡುವ ಮೊದಲೇ ಸಿಪಾಯಿಗಳನ್ನೆಲ್ಲ ಹಡಗು ಹತ್ತಿಸಿ ಅವರ ದೇಶಕ್ಕೆ ಕಳಿಸಿದರು. ಬರುತ್ತೇನೆ ಅಂದು ಹೋದವನು ಬರಲಿಲ್ಲ.

ಅಜ್ಜಿಯ ಅಣ್ಣ ಒಳ್ಳೆಯವರು. ಕುಣಿಗಲ್‌ನಲ್ಲಿ ಜನರ ಬಾಯಿ ಮುಚ್ಚಿಸಲು ಆಗದೆ ತಂಗಿಯನ್ನೂ ಕೂಸನ್ನೂ ತಮ್ಮ ಸಂಸಾರವನ್ನೂ ಕಟ್ಟಿಕೊಂಡು, ಹೆಂಡತಿಯ ತವರಾದ ಗುಬ್ಬಿ ಕಡೆಯ ಹಳ್ಳಿಗೆ ಬಂದು ತೆಂಗಿನ ತೋಟ ನೋಡಿಕೊಂಡು ಇದ್ದುಬಿಟ್ಟರು. ಹೊಸ ಊರಿನಲ್ಲಿ ತಂಗಿಯ ಗಂಡ ಎಲ್ಲಿ ಎಂದು ಕೇಳಿದವರಿಗೆ ‘ಮಿಲಿಟ್ರಿಗೆ ಹೋಗವ್ನೆ’ ಎಂದು ಹೇಳಿದರು. ಅದು ಸುಳ್ಳೂ ಅಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟರು ತಂದೆಯ ಹೆಸರು ಕೇಳಿದರೆ ತಮ್ಮ ಹೆಸರನ್ನೇ ಬರೆಸಿದರು. ಹಾಗಾಗಿ ಕಾಗದದಲ್ಲಿ ನನ್ನ ಅಮ್ಮ ತನ್ನ ಸೋದರಮಾವನ ಮಗಳು. ಮನೆಯಲ್ಲೇ ಇದ್ದ ಮಾವನ ಮಗನಿಗೆ ಕೊಟ್ಟು ಮದುವೆ ಮಾಡುವ ಮಾತು ಒಮ್ಮೆ ಎದ್ದಿತ್ತಂತೆ, ಕಾಗದದಲ್ಲಿ ಅಣ್ಣ ತಂಗಿ ಆಗಿಬಿಟ್ಟಿದ್ದರಿಂದ ಅದು ಅಲ್ಲಿಗೇ ನಿಂತಿತು. ಲೆಕ್ಕದಲ್ಲಿ ಭಾವ ಆಗಬೇಕಾಗಿದ್ದವರನ್ನು ಅಮ್ಮ ಅಣ್ಣ ಎಂದು ಕರೆದಳು. ನನಗೆ ಅವರು ಮಾವ.

ಅಜ್ಜಿಯ ಹಣೆಯ ಮೇಲಿನ ಕುಂಕುಮ ನನಗೆ ಚೆನ್ನಾಗಿ ನೆನಪಿದೆ. ಕಾಸಗಲ. ಗಂಡ ಸತ್ತ ಸುದ್ದಿ ಬರಲಿಲ್ಲ, ಆದ್ದರಿಂದ ಅಜ್ಜಿ ಮುತ್ತೈದೆ. ಅರಿಶಿನ ಕುಂಕುಮಕ್ಕೆ ಯಾರಾದರೂ ಕರೆದರೆ ಬಿಡುತ್ತಿರಲಿಲ್ಲ, ಹಸಿರು ಬಳೆ ತೊಟ್ಟುಕೊಂಡು ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದಳು. ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡಳು. ಮುತ್ತೈದೆ ಸಾವು ಎಂದು ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಊರ ಹೆಂಗಸರೆಲ್ಲ ಅವಳ ಹಣೆಗೆ ಕುಂಕುಮ ಹಚ್ಚಿ ಕಳಿಸಿಕೊಟ್ಟರು. ಆವತ್ತು ಒಬ್ಬ ಮುದುಕಿ ಅಮ್ಮನ ಎದುರಿಗೇ ಅಂದಳು: “ಗಂಡ ಸತ್ತವ್ನೋ ಬದುಕವ್ನೋ ಗೊತ್ತಿಲ್ಲ, ಪುಕ್ಸಟ್ಟೆ ಮುತ್ತೈದೆ ಆಗಿ ಹೋದ್ಲು ನೋಡು.”

ಆ ಮಾತು ಅಮ್ಮನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕೂತುಬಿಟ್ಟಿತು. ಇಷ್ಟು ವರ್ಷ ಕೂತಿದ್ದು ನನಗೆ ಗೊತ್ತೇ ಇರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಒಡಹುಟ್ಟಿದವರು ಯಾರೂ ಇಲ್ಲದ್ದರಿಂದ ಪಿತೃಪಕ್ಷದಲ್ಲಿ ಅಜ್ಜಿಗೆ ಎಡೆ ಇಡುವುದು ಅಮ್ಮನೇ. ಮಹಾಲಯ ಅಮಾವಾಸ್ಯೆಯ ದಿನ ಬಾಳೆ ಎಲೆಯಲ್ಲಿ ಅಜ್ಜಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಮುಂದೆ ಹಸಿರು ಬಳೆ, ಕುಂಕುಮ, ರವಿಕೆ ಕಣ ಇಟ್ಟು, ಬಾಗಿಲು ಮುಂದೆ ಮಾಡಿ ನಾವು ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಹೋದ ವರ್ಷ ಹಾಗೆ ಹೊರಗೆ ಕೂತಿದ್ದಾಗ ಅಮ್ಮ ಇದ್ದಕ್ಕಿದ್ದ ಹಾಗೆ ಕೇಳಿದಳು.

“ಆವಯ್ಯ ಸತ್ತಿದ್ದು ಯಾವತ್ತು ಅಂತ ನಿನ್ನ ಕಂಪ್ಯೂಟ್ರಲ್ಲಿ ಸಿಗಲ್ವೇನೇ?”

ಆವಯ್ಯ ಎಂದರೆ ಅವಳನ್ನು ಹುಟ್ಟಿಸಿದವನು. ಅಮ್ಮ ಅವನನ್ನು ಹಾಗೇ ಕರೆಯುತ್ತಿದ್ದದ್ದು, ಪಕ್ಕದ ಬೀದಿಯ ಯಾರನ್ನೋ ಕರೆದ ಹಾಗೆ.

“ನೂರು ವರ್ಷ ದಾಟಿರುತ್ತಮ್ಮ. ಸತ್ತೇ ಇರ್ತಾನೆ. ಬೇಕಾದ್ರೆ ಎಡೆ ಇಟ್ಬಿಡು,” ಅಂದೆ.

“ಸುದ್ದಿ ಬರ್ದೆ ಎಡೆ ಇಕ್ತಾರಾ? ಬದುಕಿರೋ ಮನುಷ್ಯನ್ನ ಕೊಂದಂಗೆ ಕಣೇ ಅದು. ದಿನ ಗೊತ್ತಾಗ್ಬೇಕು. ನಾನು ಇರೋವಾಗ್ಲೇ ಒಂದ್ಸಲ ಇಟ್ಬಿಡ್ತೀನಿ.” ಮತ್ತೆ ಅಂದಳು: “ಅವ್ವ ಹೋದಾಗ ಆವಯ್ಯ ಇದ್ನೋ ಇಲ್ವೋ, ಅದೊಂದು ನೋಡ್ಬೇಕು. ಅವಳ ಕುಂಕುಮ ನಿಜವೋ ಸುಳ್ಳೋ ಅಂತ.”

ಆಗ ಆ ಮುದುಕಿಯ ಮಾತನ್ನು ಹೇಳಿದಳು. ಎಂಬತ್ತು ಮುಟ್ಟಿದ ಹೆಂಗಸು, ಎರಡು ಸಲ ಆಸ್ಪತ್ರೆ ಕಂಡು ಬಂದವಳು, ಇದೊಂದು ತಾರೀಖಿಗಾಗಿ ಕಾಯುತ್ತಿದ್ದಾಳೆ. ತಾರೀಖು ಹುಡುಕುವುದೇ ಕಸುಬಾದ ಮಗಳು ಪಕ್ಕದಲ್ಲೇ ಕೂತಿದ್ದೇನೆ. ಮಾರನೆಯ ದಿನವೇ ಬೆನ್ನು ಹತ್ತಿದೆ.

ಮೊದಲು ಕುಣಿಗಲ್. ಹಳೆಯ ಜನನ ಮರಣದ ಪುಸ್ತಕಗಳು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ ಎಂದು ನನಗೆ ಗೊತ್ತಿತ್ತು. ಅರ್ಜಿ ಕೊಟ್ಟೆ. ಹೋದಾಗಲೆಲ್ಲ ಒಂದು ಕಾರಣ. ಇವತ್ತು ಬೀಗದ ಕೈ ಇರುವವರು ರಜೆ, ನಾಳೆ ಮೀಟಿಂಗ್, ಆಮೇಲೆ ಚುನಾವಣೆ ಕೆಲಸ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವುದು, ಅಂಗಡಿಗೆ ಬೀಗ, ಗಿರಾಕಿಗಳ ಫೋನು. ಕೌಂಟರಿನ ಈ ಕಡೆ ನಿಂತು ಕಾಯುವುದು ನನಗೆ ಅಭ್ಯಾಸವಿಲ್ಲ. ಒಂದು ದಿನ ಧ್ವನಿ ಎತ್ತಿ ಕೂಗಾಡಿದ್ದಕ್ಕೆ ಪಾಪ, ಯಾವುದೋ ಹುದ್ದೆಯ ಒಬ್ಬ ಹೆಣ್ಣುಮಗಳು ಬಂದು ಬೀಗ ತೆಗೆಸಿದಳು. ಧೂಳಿಗೆ ಮೂಗು ಮುಚ್ಚಿಕೊಂಡು ಇಬ್ಬರೂ ಹುಡುಕಿದೆವು. ಅಮ್ಮ ಹುಟ್ಟಿದ ವರ್ಷದ ಪುಸ್ತಕ ಸಿಕ್ಕಿತು. ಊರು ಸರಿ, ಅಜ್ಜಿಯ ಹೆಸರು ಸರಿ, ಹೆಣ್ಣು ಕೂಸು ಎಂದಿದೆ. ತಂದೆಯ ಜಾಗದಲ್ಲಿ ಶಾನುಭೋಗರು ಒಂದು ಗೆರೆ ಎಳೆದಿದ್ದರು. ಹೆಸರಿಲ್ಲ, ಜಾತಿಯಿಲ್ಲ. ಗೆರೆ ಮಾತ್ರ ನೇರವಾಗಿ, ಅಂದವಾಗಿ ಇತ್ತು.

ಆ ಗೆರೆ ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಗೊತ್ತಿಲ್ಲ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಎರಡು ಟೀ ಕುಡಿದು, ತುಮಕೂರಿನ ಬಸ್ಸು ಬಂದರೂ ಹತ್ತದೆ, ಅಲ್ಲೇ ಆ ಕಡೆ ಈ ಕಡೆ ಓಡಾಡಿದೆ.

ಮುಂದಿನ ಭಾನುವಾರ ಗುಬ್ಬಿ ಕಡೆಯ ಹಳ್ಳಿಗೆ, ಮಾವನ ಮನೆಗೆ ಹೋದೆ. ಅಮ್ಮನಿಗಿಂತ ಆರೇಳು ವರ್ಷ ದೊಡ್ಡವರು, ಕಿವಿ ಮಂದ, ನೆನಪು ಮಾತ್ರ ಚುರುಕು. ಜಗಲಿ ಮೇಲೆ ಕೂತು ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರು. ಕೇಳಿದ್ದಕ್ಕೆ ಮುಖ ತಿರುಗಿಸಿದರು.

“ಹಳೇದ್ನೆಲ್ಲ ಯಾಕವ್ವ ಕೆದಕ್ತೀಯ? ಸತ್ತೋರೆಲ್ಲ ನೆಮ್ದಿಯಾಗವ್ರೆ. ಸುಮ್ನೆ ಬುಡು.”

“ಸತ್ತೋರು ನೆಮ್ದಿಯಾಗಿರ್ಬೋದು ಮಾವ. ನಿಮ್ಮ ತಂಗಿ ಇಲ್ವಲ್ಲ,” ಅಂದೆ. ಅಮ್ಮ ಕೇಳಿದ್ದನ್ನು ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದೆ. ಅಕ್ಕಪಕ್ಕದವರಿಗೂ ಕೇಳಿಸಿರಬೇಕು, ಕೇಳಿಸಿದರೆ ಕೇಳಿಸಲಿ.

ಮಾವ ಬಹಳ ಹೊತ್ತು ಕುಟ್ಟಿದರು. ಆಮೇಲೆ ಹೇಳಿದರು. “ಗಾಡಿ ಕಟ್ಕಂಡು ತುಮಕೂರ್ಗೆ ಹೋಗಿದ್ವಿ ಕಣವ್ವ, ಚರ್ಚ್‌ಗೆ. ನಾನೂ ಗಾಡೀಲಿದ್ದೆ. ಆವಯ್ಯ ಗಾಡಿ ಹತ್ತಲಿಲ್ಲ. ನಿಮ್ಮವ್ವನ್ನ ಎತ್ಕಂಡು ಪಕ್ಕದಲ್ಲೇ ನಡ್ಕಂಡು ಬಂದ. ಕೂಸ್ನ ಕೊಡಯ್ಯಾ ಅಂದ್ರೂ ಕೊಡ್ನಿಲ್ಲ. ಅದೇನೋ ಹಾಡ್ ಹೇಳ್ಕಂಡು ಬರ್ತಿದ್ದ. ಚರ್ಚ್‌ನಲ್ಲಿ ಸ್ವಾಮಿಗಳು ಏನೋ ಬರ್ಕಂಡ್ರು.”

“ಇಷ್ಟು ವರ್ಷ ಅಮ್ಮಂಗೆ ಇದನ್ನ ಯಾಕೆ ಹೇಳ್ಲಿಲ್ಲ?”

“ಅದು ಕೇಳ್ನಿಲ್ಲ. ನಾನು ಹೇಳ್ನಿಲ್ಲ.”

ನಮ್ಮ ಕಡೆಯ ಗಂಡಸರು ಹೀಗೆ. ಒಂದು ಇಡೀ ಜೀವಮಾನದ ಸಂಗತಿಯನ್ನು ಎಲೆ ಅಡಿಕೆಯ ಜೊತೆ ದವಡೆಗೆ ಒತ್ತಿ ಇಟ್ಟುಕೊಂಡು ಕೂತಿರುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ, ಎತ್ತಿನ ಗಾಡಿಯ ಪಕ್ಕದಲ್ಲಿ ಕೂಸು ಎತ್ತಿಕೊಂಡು ನಡೆಯುವವನು ಕಣ್ಣಿಗೆ ಕಟ್ಟಿದ. ಅದುವರೆಗೆ ನನಗೆ ಅವನ ಮೇಲೆ ಸಿಟ್ಟು ಮಾತ್ರ ಇತ್ತು. ಅಷ್ಟು ದೂರ ಕೂಸು ಹೊತ್ತು ನಡೆದವನು ಆಮೇಲೆ ಒಂದು ಕಾಗದ ಯಾಕೆ ಬರೆಯಲಿಲ್ಲ? ಈಗ ಸಿಟ್ಟಿನ ಜೊತೆಗೆ ಈ ಪ್ರಶ್ನೆಯೂ ಸೇರಿಕೊಂಡು ನಿದ್ದೆ ಕೆಡಿಸಿತು.

ತುಮಕೂರಿನ ಆ ಚರ್ಚಿನ ಫಾದರ್ ಕೇರಳದ ಕಡೆಯವರು, ಚಿಕ್ಕ ವಯಸ್ಸು, ನಗುಮುಖ. ನನ್ನ ಮಾತು ಕೇಳಿ ಅವರಿಗೇ ಉತ್ಸಾಹ ಬಂತು. ಬ್ಯಾಪ್ಟಿಸಂ ರಿಜಿಸ್ಟರನ್ನು ಬಟ್ಟೆ ಬಿಚ್ಚಿ ತೆಗೆದರು. ಅಮ್ಮನ ಹೆಸರು ಇರಲಿಲ್ಲ. ಅಮ್ಮನಿಗೆ ಅಲ್ಲಿ ಒಂದು ಬೇರೆ ಹೆಸರಿತ್ತು, ಅಮ್ಮನೇ ಎಂದೂ ಕೇಳಿರದ ಹೆಸರು. ಆದರೆ ತಾಯಿಯ ಹೆಸರು ಅಜ್ಜಿಯದೇ, ಊರು ಕುಣಿಗಲ್. ತಂದೆಯ ಜಾಗದಲ್ಲಿ ಗೆರೆ ಇರಲಿಲ್ಲ. ಹೆಸರು, ಮನೆತನದ ಹೆಸರು, ಹುಟ್ಟಿದ ಊರು, ಆ ಊರಿಗೆ ಹತ್ತಿರದ ಪಟ್ಟಣ, ಎಲ್ಲವನ್ನೂ ಆ ಕಾಲದ ಸ್ವಾಮಿಗಳು ಲ್ಯಾಟಿನ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಫಾದರ್ ಓದುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದುಕೊಂಡೆ.

“ಮದುವೆ ರಿಜಿಸ್ಟರ್ ನೋಡ್ತೀರಾ ಫಾದರ್?” ಅಂದೆ. ನೋಡಿದರು. ಹಿಂದಿನ ವರ್ಷ, ಮುಂದಿನ ವರ್ಷ, ಎಲ್ಲ ನೋಡಿದರು. ಇರಲಿಲ್ಲ. ಅಜ್ಜಿಯ ತಾಳಿಯನ್ನು ಅವನು ಎಲ್ಲಿ ಕಟ್ಟಿದ, ಯಾರ ಮುಂದೆ ಕಟ್ಟಿದ ಎನ್ನುವುದಕ್ಕೆ ಕುಣಿಗಲ್‌ನಲ್ಲೂ ಪುರಾವೆ ಇಲ್ಲ, ತುಮಕೂರಿನಲ್ಲೂ ಇಲ್ಲ. ಕಟ್ಟಿದ್ದು ಮಾತ್ರ ನಿಜ ಎಂದು ಅಜ್ಜಿ ಹೇಳುತ್ತಿದ್ದಳಂತೆ. ಅವಳ ಮಾತಿಗೆ ಅಫಿಡವಿಟ್ ಮಾಡಿಸುವವರು ಯಾರೂ ಇರಲಿಲ್ಲ.

ಇನ್ನು ಇಟಲಿ. ಅಲ್ಲಿ ಪ್ರತಿ ಊರಿಗೂ ಒಂದು ಪುರಸಭೆ, ಹುಟ್ಟು ಸಾವು ಮದುವೆಯ ಪುಸ್ತಕ ಅವರ ಹತ್ತಿರವೇ ಇರುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದೆ. ಮೊಬೈಲಿನಲ್ಲಿ ಕನ್ನಡದಲ್ಲಿ ಹೇಳಿ ಇಟಾಲಿಯನ್ ಮಾಡಿಸಿ ಮೇಲ್ ಕಳಿಸಿದೆ. ಮಾನ್ಯರೇ, ಇಂಥ ಮನೆತನದ ಇಂಥ ಹೆಸರಿನವರ ಜನನ ಪ್ರಮಾಣಪತ್ರ ದಯಪಾಲಿಸಬೇಕಾಗಿ ವಿನಂತಿ. ಅರ್ಜಿ ಬರೆದು ಬರೆದು ಅದೇ ಅಭ್ಯಾಸ. ಉತ್ತರ ಇಲ್ಲ. ಮತ್ತೆ ಕಳಿಸಿದೆ. ಉತ್ತರ ಬಂತು: ಸಂಬಂಧದ ಪುರಾವೆ ಕಳಿಸಿ. ಚರ್ಚಿನ ನಕಲು ಕಳಿಸಿದೆ. ಮತ್ತೆ ಉತ್ತರ: ನಿಮ್ಮ ಗುರುತಿನ ಚೀಟಿ ಕಳಿಸಿ. ಆಧಾರ್ ಬೇಡ, ಪಾಸ್‌ಪೋರ್ಟ್ ಇದ್ದರೆ ಕಳಿಸಿ. ನನಗೆ ನಗು ಬಂತು. ಸಮುದ್ರದ ಆಚೆಯೂ ಅದೇ ಕೌಂಟರು, ಅದೇ ಬೀಗದ ಕೈ. ಆದರೆ ಕೂಗಾಡಲು ಎದುರಿಗೆ ಯಾರೂ ಇಲ್ಲದೆ ನಾನು ಒದ್ದಾಡಿಹೋದೆ. ಗಿರಾಕಿಗಳ ಕಾಗದ ಪ್ರಿಂಟ್ ಆಗುವಷ್ಟರಲ್ಲಿ ನಾಲ್ಕು ಸಲ ಮೇಲ್ ತೆಗೆದು ನೋಡುತ್ತಿದ್ದೆ. ಒಬ್ಬರ ವಂಶವೃಕ್ಷದಲ್ಲಿ ಬದುಕಿರುವ ಚಿಕ್ಕಪ್ಪನಿಗೆ ‘ಮೃತ’ ಎಂದು ಹಾಕಿ ಕೊಟ್ಟುಬಿಟ್ಟೆ, ಆ ಚಿಕ್ಕಪ್ಪನೇ ಬಂದು ಅಂಗಡಿ ಮುಂದೆ ನಿಂತು ಜಗಳ ಮಾಡಿದರು.

ಯುಗಾದಿ ಕಳೆದು ಬಿಸಿಲು ಜೋರಾದಾಗ ಒಂದು ಹಾಳೆ ಬಂತು. ಜನನ ಪ್ರಮಾಣಪತ್ರ. ಹೆಸರು, ಹುಟ್ಟಿದ ದಿನ, ಅವನ ಅಪ್ಪ ಅಮ್ಮನ ಹೆಸರು, ಮೊಹರು. ನಾನು ಕುಣಿದಾಡಿದೆ. ಬಣ್ಣದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿ, ಸಂಜೆ ಮನೆಗೆ ತಂದು ಅಮ್ಮನ ತೊಡೆಯ ಮೇಲೆ ಇಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು, ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳು ಆಡಿಸಿದಳು. ಮುತ್ತಜ್ಜನ ಹೆಸರು ಹೇಳಿದೆ, ಮುತ್ತಜ್ಜಿಯ ಹೆಸರು ಹೇಳಿದೆ.

“ಇದು ಹುಟ್ಟಿದ್ದಾ?”

“ಹೂಂ.”

“ಹುಟ್ಟೋಕೆ ಎಲ್ಲಾರೂ ಹುಟ್ತಾರೆ. ನಾನು ಕೇಳಿದ್ದು ಹೋಗಿದ್ದು.” ಹಾಳೆಯನ್ನು ನನ್ನ ಕೈಗೆ ಕೊಟ್ಟಳು. “ಕೆಲ್ಸಕ್ಕೆ ಬರದೇ ಇರೋದಕ್ಕೆಲ್ಲ ಪ್ಲಾಸ್ಟಿಕ್ ಹಾಕಿಸ್ತೀಯ.”

ನಿಜವಾಗಿ ನನ್ನದೇ ಪೆದ್ದುತನ. ವಂಶವೃಕ್ಷದ ಚಪಲಕ್ಕೆ ಬಿದ್ದು, ಮೇಲೆ ಇನ್ನೊಂದು ತಲೆಮಾರು ಸಿಕ್ಕಿತಲ್ಲ ಎಂದು ಹಿಗ್ಗಿಬಿಟ್ಟಿದ್ದೆ. ಮತ್ತೆ ಓದಿದಾಗ ತಿಳಿದದ್ದು ಇದು: ನನಗೆ ಬಂದದ್ದು ಸಂಕ್ಷಿಪ್ತ ಹಾಳೆ. ಅಲ್ಲಿ ಮೂಲ ಪುಸ್ತಕದಲ್ಲಿ ಹುಟ್ಟಿದ್ದನ್ನು ಬರೆದ ಪುಟದ ಅಂಚಿನಲ್ಲೇ ಆಮೇಲೆ ಮದುವೆಯಾದರೆ ಮದುವೆ, ಸತ್ತರೆ ಸಾವು ಬರೆದು ಸೇರಿಸುತ್ತಾರೆ. ಅಂಚೂ ಸೇರಿದ ಪೂರ್ತಿ ಪುಟದ ನಕಲು ಬೇಕೆಂದು ಬೇರೆ ಅರ್ಜಿ ಕೊಡಬೇಕು. ಕೊಟ್ಟೆ. ಕಾಯುವಷ್ಟರಲ್ಲಿ ಅವರ ಬೇಸಿಗೆ ರಜೆ ಬಂತು. ಇಡೀ ಕಚೇರಿಯೇ ರಜೆಯೋ ಏನೋ, ಸದ್ದೇ ಇಲ್ಲ.

ಆ ತಿಂಗಳುಗಳು ನನಗೆ ಬಹಳ ಕಷ್ಟವಾದವು. ಅಮ್ಮ ಒಮ್ಮೆ ಬಚ್ಚಲಿನ ಹತ್ತಿರ ತಲೆ ಸುತ್ತಿ ಕೂತಳು. ಬಟವಾಡಿಯ ಕ್ಲಿನಿಕ್ಕಿನಲ್ಲಿ ಬಿಪಿ ಏರುಪೇರು ಅಂದರು. ಮಾತ್ರೆ ನುಂಗುವಾಗ ಅವಳು ಕೇಳುತ್ತಿದ್ದದ್ದು ಒಂದೇ, “ಬಂತಾ?” ನಾನು ಇಲ್ಲ ಎನ್ನುತ್ತಿದ್ದೆ. ಪಿತೃಪಕ್ಷ ಹತ್ತಿರ ಬರುತ್ತಿತ್ತು.

ನನ್ನೊಳಗೆ ಇನ್ನೊಂದು ಹೆದರಿಕೆ ಶುರುವಾಗಿತ್ತು. ಅವನು ಅಜ್ಜಿಗಿಂತ ಮುಂಚೆ ಸತ್ತಿದ್ದರೆ? ಹಡಗಿನಲ್ಲೇ ಸತ್ತಿದ್ದರೆ? ಆ ಮುದುಕಿಯ ಮಾತು ನಿಜವಾಗಿ ಬಿಡುತ್ತದೆ. ಅಜ್ಜಿಗೆ ಉಡಿಸಿದ ಹಸಿರು ಸೀರೆ, ಪ್ರತಿ ವರ್ಷ ಎಡೆಯ ಮುಂದೆ ಇಟ್ಟ ಬಳೆ, ಎಲ್ಲ ತಪ್ಪಾಗಿ ಬಿಡುತ್ತದೆ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ, ಗಂಡ ಇದ್ದರೂ ಇಲ್ಲದಿದ್ದರೂ ಕುಂಕುಮ ಅವಳದು. ಆದರೆ ಅಮ್ಮನಿಗೆ ಇದೆಯಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಒಂದು ಇಸವಿಯನ್ನು ಬದಲಿಸಿ ಪ್ರಿಂಟ್ ತೆಗೆಯುವುದು ದೊಡ್ಡ ಕೆಲಸವಲ್ಲ. ಅಮ್ಮನಿಗೆ ಆ ಭಾಷೆ ಬರುವುದಿಲ್ಲ. ಮಾಡಿಯೇ ಬಿಡುತ್ತೇನೆ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡೆ. ಯಜಮಾನರಿಗೆ ಹೇಳಿದರೆ ಅವರು, “ಮಾಡು, ಆದ್ರೆ ಅಮ್ಮನ ಮುಖ ನೋಡ್ಕೊಂಡು ಹೇಳೋಕೆ ನಿನ್ನ ಕೈಲಾಗುತ್ತಾ ನೋಡ್ಕೋ,” ಅಂದರು.

ಪಕ್ಷ ಶುರುವಾದ ಮೇಲೆ, ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗ ಮೇಲ್ ಬಂತು. ಮಧ್ಯಾಹ್ನ, ಅಂಗಡಿ ತುಂಬ ಜನ. ತೆರೆದೆ. ಹಳದಿ ಪುಟದ ಫೋಟೊ. ನಡುವೆ ಕೈಬರಹ. ಎಡಗಡೆ ಅಂಚಿನಲ್ಲಿ ಬೇರೆ ಬೇರೆ ಇಂಕಿನಲ್ಲಿ ಎರಡು ಬರಹ. ಕೆಳಗಿನದನ್ನು ಮೊದಲು ಓದಿಸಿದೆ. ಇಂಥ ದಿನ, ಇದೇ ಊರಿನಲ್ಲಿ ನಿಧನ. ಇಸವಿ ನೋಡಿದೆ. ಅಜ್ಜಿ ಹೋದ ಇಸವಿ ನನಗೆ ಚೆನ್ನಾಗಿ ಗೊತ್ತು, ಆವತ್ತು ಪರೀಕ್ಷೆ ಬಿಟ್ಟು ಓಡಿ ಹೋಗಿದ್ದೆ. ಬೆರಳು ಮಡಿಚಿ ಎಣಿಸಿದೆ. ಮತ್ತೆ ಎಣಿಸಿದೆ. ಅವನು ಅಜ್ಜಿ ಹೋದ ಮೇಲೂ ಎಷ್ಟೋ ವರ್ಷ ಬದುಕಿದ್ದ. ನಾನು ಮದುವೆಯಾಗಿ, ಈ ಅಂಗಡಿ ಹಾಕಿದಾಗಲೂ ಇದ್ದ.

ಆಮೇಲೆ ಮೇಲಿನ ಬರಹ. ಅದು ಮದುವೆಯದು. ಇಲ್ಲಿಂದ ಹೋಗಿ ನಾಲ್ಕು ವರ್ಷಕ್ಕೆ ತನ್ನ ಊರಿನ ಚರ್ಚಿನಲ್ಲಿ, ತನ್ನ ಊರಿನ ಹೆಣ್ಣನ್ನು ಮದುವೆಯಾಗಿದ್ದ. ಅವರ ಪುಸ್ತಕದಲ್ಲಿ ಅದು ಅವನ ಒಂದೇ ಒಂದು ಮದುವೆ.

ಗಿರಾಕಿಗಳಿಗೆ ನಾಳೆ ಬನ್ನಿ ಎಂದು ಹೇಳಿ ಶಟರ್ ಎಳೆದೆ. ಯಾರೋ ಬೈದರು. ಆಟೊ ಹಿಡಿದು ಬಟವಾಡಿಗೆ ಹೊರಟೆ. ಹೈವೇ ಹತ್ತಿರ ಟ್ರಾಫಿಕ್ಕಿನಲ್ಲಿ ಆಟೊ ನಿಂತಾಗ ಇಳಿದು ಓಡೋಣ ಅನ್ನಿಸಿತು. ಅಜ್ಜಿ ಕಾಸಗಲ ಕುಂಕುಮ ಇಟ್ಟುಕೊಂಡು ಗುಬ್ಬಿಯ ತೋಟದಲ್ಲಿ ಕಾಯಿ ಸುಲಿಯುತ್ತಿದ್ದಾಗ, ಅವನು ಅಲ್ಲಿ ಸಂಸಾರ ಮಾಡಿಕೊಂಡು, ಬಹುಶಃ ಮೊಮ್ಮಕ್ಕಳನ್ನೂ ಎತ್ತಿಕೊಂಡು ಹಾಡು ಹೇಳುತ್ತಿದ್ದ. ಒಂದು ಕಾಗದ ಬರೆಯಲು ಕೈ ಬರಲಿಲ್ಲವೇ ಇವನಿಗೆ? ಮದುವೆಯ ಮಾತನ್ನು ಅಮ್ಮನಿಗೆ ಹೇಳಬಾರದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ತಾರೀಖು ಕೇಳಿದ್ದಾಳೆ, ತಾರೀಖು ಹೇಳಿದರೆ ಸಾಕು.

ಅಮ್ಮ ನಡುಮನೆಯಲ್ಲಿ ಕಾಲು ಚಾಚಿಕೊಂಡು ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ಈ ಹೊತ್ತಿನಲ್ಲಿ ನನ್ನನ್ನು ನೋಡಿದ್ದೇ ಅವಳಿಗೆ ಗೊತ್ತಾಗಿಹೋಯಿತು. ಮೊರ ಪಕ್ಕಕ್ಕೆ ಇಟ್ಟಳು.

“ಬಂತಾ?”

“ಬಂತು.”

“ಅವ್ವ ಹೋಗೋಕ್ಮುಂಚೇನಾ, ಆಮೇಲಾ?”

“ಆಮೇಲೆ, ಅಮ್ಮ. ಎಷ್ಟೋ ವರ್ಷ ಆಮೇಲೆ.”

ಅಮ್ಮ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದಳು. “ಸದ್ಯ,” ಅಂದಳು. “ಅವ್ವನ ಕುಂಕುಮಕ್ಕೆ ಮೋಸ ಆಗ್ಲಿಲ್ಲ.” ಮುಖದಲ್ಲಿ ಎಂಥ ನೆಮ್ಮದಿ ಎಂದರೆ, ಅದನ್ನು ನೋಡಿ ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ. ಮೋಸ ಎನ್ನುವ ಮಾತೇ ನನ್ನ ಬಾಯಿ ಬಿಡಿಸಿತು.

“ಮೋಸ ಆಗ್ಲಿಲ್ವಾ? ಅಲ್ಲಿ ಹೋಗಿ ಇನ್ನೊಂದು ಮದ್ವೆ ಆದ ಕಣಮ್ಮ ಅವ್ನು. ನಾಲ್ಕೇ ವರ್ಷಕ್ಕೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ಕಣ್ಣು ತೆರೆದಳು, ಆ ಬೆಕ್ಕಿನ ಕಣ್ಣು. ಅಳಲಿಲ್ಲ, ಬೈಯಲೂ ಇಲ್ಲ.

“ಅವ್ವ ಒಂದಿನ ಅಂದ್ಲು. ಆಗಿರ್ತಾನೆ ಕಣೇ, ಗಂಡಸು, ಬೇಯ್ಸಿ ಇಕ್ಕೋರು ಬೇಡ್ವಾ ಅಂತ. ಎಲ್ಲೋ ಒಂದ್ಕಡೆ ಉಂಡ್ಕಂಡು ಇದ್ರೆ ಸಾಕು ಅಂತ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಈ ಸಲ ಎರಡು ಎಲೆ ಹಾಕ್ಬೇಕು. ಪಕ್ಕಪಕ್ಕ ಬೇಡ. ದೂರ ದೂರ ಹಾಕು, ಅವ್ವಂಗೆ ಎಷ್ಟೇ ಆದ್ರೂ ಸಿಟ್ಟಿರುತ್ತೆ.”

ಆಮೇಲೆ ಗೋಡೆ ಹಿಡಿದುಕೊಂಡು ಏಳಲು ಹೊರಟಳು.

“ಎಲ್ಲಿಗಮ್ಮಾ?”

“ತಲೆ ಮೇಲೆ ನೀರು ಹಾಕ್ಕೋಬೇಡ್ವಾ? ಸಾವಿನ ಸುದ್ದಿ ಕೇಳಿ ಹಂಗೇ ಕೂತಿರೋಕಾಗುತ್ತಾ?”

ನಮ್ಮಲ್ಲಿ ಹಾಗೆ. ಹತ್ತಿರದವರು ಹೋದ ಸುದ್ದಿ ಎಷ್ಟು ತಡವಾಗಿ ಬಂದರೂ, ಕೇಳಿದ ಗಳಿಗೆಯಲ್ಲಿ ಉಟ್ಟ ಬಟ್ಟೆಯಲ್ಲೇ ತಲೆ ಮೇಲೆ ನೀರು ಸುರಿದುಕೊಳ್ಳಬೇಕು. ಅಲ್ಲಿಗೆ ಆ ಸಾವು ನಮ್ಮ ಮನೆಯದಾಗುತ್ತದೆ. ನನಗೆ ತಡೆಯಲಾಗಲಿಲ್ಲ. “ಅವನಿಗ್ಯಾಕಮ್ಮ ನೀನು ನೆನೀಬೇಕು? ಬಿಪಿ ಬೇರೆ ಇದೆ. ನಿನ್ನ ತಿರುಗಿ ನೋಡ್ದೆ ಹೋದೋನಿಗೆ?” ಎಂದು ಕೂಗಿದೆ.

“ಅವನು ನೋಡ್ದೆ ಇದ್ರೆ ನಾನೂ ನೋಡ್ಬಾರ್ದಾ? ಚೊಂಬು ತಗೊಂಬಾ.”

ಬಚ್ಚಲಿನಲ್ಲಿ ಸ್ಟೂಲ್ ಹಾಕಿ ಕೂರಿಸಿದೆ. ನೀರು ಕಾಯಿಸುತ್ತೇನೆ ಅಂದರೆ ಬೇಡ, ತಣ್ಣೀರೇ ಹಾಕು ಅಂದಳು. ಮೊದಲನೆಯ ಚೊಂಬು ಸುರಿದೆ. ಬಿಳಿ ಕೂದಲು ಕೆನ್ನೆಗೆ ಅಂಟಿಕೊಂಡಿತು, ಮೈ ನಡುಗಿತು. ಎರಡನೆಯದು ಸುರಿಯುವಾಗ ಅಮ್ಮ ಎರಡೂ ಕೈಯಲ್ಲಿ ನನ್ನ ಸೀರೆ ಹಿಡಿದುಕೊಂಡು, “ಅಪ್ಪಾ,” ಅಂದಳು. ಅಮ್ಮನ ಬಾಯಿಂದ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸಾಕಿದ ಸೋದರಮಾವನನ್ನು ಅವಳು ಮಾವ ಎಂದೇ ಕರೆದಳು. ಎಂಬತ್ತು ವರ್ಷಕ್ಕೆ ಅವಳು ಆ ಮಾತನ್ನು ಮೊದಲ ಸಲ ಆಡುತ್ತಿದ್ದಳು, ಕೇಳಿಸಿಕೊಳ್ಳುವವನು ಸತ್ತ ಸುದ್ದಿ ಬಂದ ಮೇಲೆ. “ಅಪ್ಪಾ, ಅಪ್ಪಾ” ಎಂದು ಸಣ್ಣ ಮಗುವಿನ ಹಾಗೆ ಜೋರಾಗಿ ಅತ್ತಳು. ನಾನು ನೀರು ಹಾಕುತ್ತಲೇ ಇದ್ದೆ.

ಅಳು ನಿಂತ ಮೇಲೆ ಮುಖ ಎತ್ತಿ, “ನಿನ್ಗೂ ತಾತ ಅಲ್ವೇನೇ,” ಅಂದಳು.

ಸೀರೆ ಉಟ್ಟುಕೊಂಡೇ ನಾನೂ ಒಂದು ಚೊಂಬು ತಲೆ ಮೇಲೆ ಸುರಿದುಕೊಂಡೆ. ಸಿಟ್ಟು ಇಳಿಯಲಿಲ್ಲ. ಇನ್ನೊಂದು ಚೊಂಬು ಸುರಿದುಕೊಂಡೆ.